ಎಲಿಪ್ಪನಿ ಅಂದರೆ ಏನು ಅಂತ ಅಜ್ಜಿಗೆ ಹೇಳಿದವಳು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ, ಸ್ಕೌಟ್ಸ್ ಮತ್ತು ಗೈಡ್ಸ್ ಚಳವಳಿಯವರು ಆಚರಿಸುವ ಫೆಬ್ರವರಿ 22ರ ಚಿಂತನಾ ದಿನದಂದು ಗೈಡ್ ಮಕ್ಕಳು, ತಾಯಂದಿರು ಮತ್ತು ಅಧ್ಯಾಪಕರ ಎದುರು ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಒಬ್ಬರು ತಾಯಿ ಕೇಳಿದ ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಇಲ್ಲಿ ಬೆಂಚು ಖಾಲಿ ಇದೆ.

ಒಂದು ಚೀಟಿಯಿಂದ ಶುರು ಮಾಡುತ್ತೇನೆ. ಕೆಲವು ವರ್ಷದ ಹಿಂದೆ, ಆಟಿ ತಿಂಗಳು. ವಾರದಿಂದ ಮಳೆ ಬಿಟ್ಟಿರಲಿಲ್ಲ. ನಮ್ಮ ಗೈಡ್ ತಂಡದ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪಕ್ಕದ ಮನೆಯ ಅಜ್ಜಿಯನ್ನು ನೋಡಲು ಹೋದಳು. ಅಜ್ಜಿಗೆ ಎಪ್ಪತ್ತೈದು ದಾಟಿತ್ತು, ಮನೆಯಲ್ಲಿ ಒಬ್ಬರೇ. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಮಾಡಿನ ಪಕ್ಕಾಸಿಗೆ ಒಂದು ಚೀಟಿ ಸಿಕ್ಕಿಸಿದ್ದು ಹುಡುಗಿಗೆ ಕಂಡಿತು. ಯಾರೋ ಮನೆಮನೆಗೆ ಹಂಚಿ ಹೋದದ್ದು. ಪೂರ್ತಿ ಮಲಯಾಳದಲ್ಲಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಎಲಿಪ್ಪನಿ' ಅಂತ ಬರೆದಿತ್ತು.

ಚೀಟಿ ಕೊಟ್ಟವರು ಆ ಶಬ್ದವನ್ನು ಓದಿಯೂ ಹೇಳಿದ್ದರಂತೆ. ಆದರೆ ಅಜ್ಜಿ ಮಾತಾಡುವುದು ತುಳು. ತುಳುವಿನಲ್ಲಿ ಎಲಿ ಅಂದರೆ ಇಲಿ, ಪನಿ ಅಂದರೆ ಹನಿ. ಮಲಯಾಳದಲ್ಲಿ ಪನಿ ಅಂದರೆ ಜ್ವರ. ಅಜ್ಜಿ ಅದೇನೋ ಮಳೆಯ ವಿಷಯ ಅಂದುಕೊಂಡು ಚೀಟಿಯನ್ನು ಪಕ್ಕಾಸಿಗೆ ಸಿಕ್ಕಿಸಿ ಸುಮ್ನೆ ಇದ್ದರು. ಜೊತೆಗೆ ಕೊಟ್ಟ ಮಾತ್ರೆಯೂ ಹಾಗೇ ಇತ್ತು, ಉಪ್ಪಿನ ಡಬ್ಬದ ಪಕ್ಕದಲ್ಲಿ. ನನಗೆ ಜ್ವರ ಇಲ್ಲವಲ್ಲ, ಮಾತ್ರೆ ಯಾಕೆ ಅಂತ ಅವರ ಲೆಕ್ಕ.

ಹುಡುಗಿ ಚೀಟಿ ಓದಿದಳು. ಆಮೇಲೆ ಅಜ್ಜಿಯ ಕಾಲು ನೋಡಿದಳು. ಹಿಮ್ಮಡಿ ಎರಡೂ ಒಡೆದಿತ್ತು. ದಿನಾ ಬೆಳಗ್ಗೆ ಪಾದ ಮುಳುಗುವ ನೀರಿನಲ್ಲಿ ತೋಟಕ್ಕೆ ಹೋಗಿ ಬರುವ ಕಾಲು ಅದು. ಅವಳು ಅಲ್ಲೇ ಕೂತು ತುಳುವಿನಲ್ಲಿ ಹೇಳಿದಳು: ಇಲಿಯ ಮೂತ್ರ ಕೆಸರು ನೀರಿಗೆ ಸೇರುತ್ತದೆ, ಆ ನೀರು ಕಾಲಿನ ಒಡಕಿನಿಂದ ಒಳಗೆ ಹೋಗುತ್ತದೆ, ಆಮೇಲೆ ಬರುವುದು ಇಲಿಜ್ವರ. ಮಾತ್ರೆ ಜ್ವರ ಬಂದ ಮೇಲೆ ನುಂಗಲಿಕ್ಕೆ ಕೊಟ್ಟದ್ದಲ್ಲ, ಬಾರದ ಹಾಗೆ ಮಾಡಲಿಕ್ಕೆ. ಇಷ್ಟು ಹೇಳಿ ಅವಳೇ ಮಾತ್ರೆ ತಿನ್ನಿಸಲಿಲ್ಲ. ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಅಜ್ಜಿ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ಹೇಳಿ, ಇದನ್ನು ಕೊಡಬಹುದಾ, ಎಷ್ಟು, ಯಾವಾಗ ಅಂತ ಕೇಳಿದಳು. ಊಟ ಆದ ಮೇಲೆ ವಾರಕ್ಕೊಮ್ಮೆ ಅಂತ ಉತ್ತರ ಬಂತು. ಮಣ್ಣಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ನಾಲ್ಕು ಗೆರೆ ಎಳೆದಳು. ಒಂದೊಂದು ಬುಧವಾರಕ್ಕೆ ಒಂದೊಂದು ಗೆರೆ ಅಳಿಸಬೇಕು, ಅಷ್ಟೇ.

ಯಾವ ಪೇಪರಿನಲ್ಲೂ ಇದು ಬರಲಿಲ್ಲ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಗೈಡ್ ಕ್ಯಾಪ್ಟನ್ ಆಗಿದ್ದೆ. ಮಕ್ಕಳು ಊರಿಗೆ ಹೇಗೆ ಆಸರೆಯಾಗುತ್ತಾರೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ನಾಲ್ಕು ಗೆರೆ. ಕಷ್ಟಕಾಲದಲ್ಲಿ ಹುಡುಗಿಯರು ಮಾಡಿದ ಸೇವೆಯನ್ನು ನಾವು ಹೊಗಳುತ್ತೇವೆ. ಆದರೆ ಅವಳು ಆ ಅಜ್ಜಿಯ ಜಗಲಿ ಹತ್ತಿದ್ದು ಕಷ್ಟಕಾಲ ಬಂತು ಅಂತ ಅಲ್ಲ. ಅದಕ್ಕೆ ಮೊದಲು ಎರಡು ವರ್ಷದಿಂದ, ಯಾವ ಕಷ್ಟವೂ ಇಲ್ಲದಾಗಲೂ, ವಾರಕ್ಕೊಮ್ಮೆ ಹತ್ತುತ್ತಿದ್ದಳು. ಅದರಿಂದಲೇ ಅಜ್ಜಿ ಅವಳ ಮಾತು ಕೇಳಿದ್ದು. ಇವತ್ತು ನನಗೆ ಹೇಳಲಿಕ್ಕಿರುವುದು ಇದನ್ನೇ.

ಈ ಗೈಡ್ ಚಳವಳಿಯ ಹಳೆಯ ಕತೆ ಸ್ವಲ್ಪ ಹೇಳುತ್ತೇನೆ, ಮಕ್ಕಳು ಕೇಳಬೇಕು. 1909ರಲ್ಲಿ ಲಂಡನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟ್ ಹುಡುಗರ ದೊಡ್ಡ ರ‍್ಯಾಲಿ ನಡೆಯಿತು. ಕರೆಯದೆಯೇ ಕೆಲವು ಹುಡುಗಿಯರು ಬಂದು ನಿಂತರು, ನಾವೂ ಸ್ಕೌಟುಗಳೇ ಅಂದರು. ಮರುವರ್ಷ, 1910ರಲ್ಲಿ, ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪೊವೆಲ್ ಅವರ ತಂಗಿ ಆಗ್ನೆಸ್ ಅವರ ಮುಂದಾಳುತನದಲ್ಲಿ ಗರ್ಲ್ ಗೈಡ್ಸ್ ಶುರುವಾಯಿತು. ನಮ್ಮ ದೇಶದ ಮೊದಲ ಗೈಡ್ ತಂಡ 1911ರಲ್ಲಿ ಜಬಲ್‌ಪುರದಲ್ಲಿ. ಆಗ ಅದಕ್ಕೆ ಯುರೋಪಿಯನ್ ಮಕ್ಕಳಿಗೆ ಮಾತ್ರ ಪ್ರವೇಶ. ಆ ಬಾಗಿಲು ನಮ್ಮ ಹುಡುಗಿಯರಿಗೆ ತೆರೆದದ್ದು ಆಮೇಲೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟನಿನ ಬೇಹುಗಾರಿಕೆ ಇಲಾಖೆ ಎಂಐ5ಕ್ಕೆ ಕಚೇರಿಯಿಂದ ಕಚೇರಿಗೆ ಕಾಗದ ಸಾಗಿಸುವವರು ಬೇಕಾಗಿತ್ತು. ಮೊದಲು ಸ್ಕೌಟ್ ಹುಡುಗರನ್ನು ಇಟ್ಟುಕೊಂಡರು. ಸರಿಹೋಗಲಿಲ್ಲ. ಆಮೇಲೆ ಹದಿನಾಲ್ಕರಿಂದ ಹದಿನಾರು ವರ್ಷದ ಗೈಡ್ ಹುಡುಗಿಯರನ್ನು ತೆಗೆದುಕೊಂಡರು. ತಾವು ಒಯ್ಯುವ ಕಾಗದವನ್ನು ಓದುವುದಿಲ್ಲ ಅಂತ ಅವರು ಮಾತು ಕೊಡಬೇಕಿತ್ತು. ದೇಶದ ಗುಟ್ಟು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯುವ ಹದಿನಾಲ್ಕರ ಹುಡುಗಿಯನ್ನು ಒಮ್ಮೆ ಯೋಚಿಸಿ ನೋಡಿ. ಎರಡನೇ ಯುದ್ಧದಲ್ಲಿ, 1940ರಲ್ಲಿ, ಅಲ್ಲಿನ ಗೈಡುಗಳು ತಮ್ಮ ಅರ್ಧ ದಿನದ ಸಂಪಾದನೆ ಕೊಡುವುದು ಅಂತ ತೀರ್ಮಾನಿಸಿದರು. ಸುಮಾರು 50 ಸಾವಿರ ಪೌಂಡಿನ ಹತ್ತಿರ ಒಟ್ಟಾಯಿತು. ಅದರಲ್ಲಿ ಗಾಯಾಳುಗಳನ್ನು ಸಾಗಿಸುವ ವಿಮಾನ ಬಂತು, ಒಂದು ಜೀವರಕ್ಷಕ ದೋಣಿಯೂ ಬಂತು. ಆ ದೋಣಿ ಫ್ರಾನ್ಸಿನ ಡನ್‌ಕರ್ಕಿನಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಕರೆತರಲು ಹೋಯಿತು. ಯುದ್ಧ ಮುಗಿಯುವ ಹೊತ್ತಿಗೆ ದೊಡ್ಡ ವಯಸ್ಸಿನ ಗೈಡುಗಳ ತಂಡಗಳು ಜರ್ಮನಿಯ ಬೆಲ್ಸೆನ್ ಯಾತನಾ ಶಿಬಿರದಲ್ಲಿ ಬದುಕಿ ಉಳಿದವರ ಆರೈಕೆಗೂ ಹೋದವು. ಊಟ, ಬಟ್ಟೆ, ಶುಚಿತ್ವ, ಹೆಸರು ಬರೆದುಕೊಳ್ಳುವುದು, ಹೀಗೆ ಯಾರ ಕಣ್ಣಿಗೂ ಬೀಳದ ಕೆಲಸ.

ಆ ದೇಶದ ಕತೆ ಅಲ್ಲಿಗೆ ಸಾಕು. ನಮ್ಮ ಊರಿಗೆ ಬರೋಣ.

2018ರ ಆಗಸ್ಟ್ ನೆನಪಿದೆಯಲ್ವಾ? ಕೇರಳ ಪೂರ್ತಿ ನೀರಿನಲ್ಲಿ. 14 ಜಿಲ್ಲೆಗಳಲ್ಲಿ 13ಕ್ಕೆ ರೆಡ್ ಅಲರ್ಟ್, ಬಿಟ್ಟದ್ದು ನಮ್ಮ ಕಾಸರಗೋಡನ್ನು ಮಾತ್ರ. ತೆಂಕಣದವರಿಗೆ ನಾವು ಕೊಡುವ ಸರದಿ ಅದು. ಶಾಲೆಯ ಹಾಲ್‌ನಲ್ಲಿ ಎರಡೇ ದಿನಕ್ಕೆ ಬಟ್ಟೆಯ ಗುಡ್ಡೆ ಬಿತ್ತು. ದೊಡ್ಡವರು ಕೂತು ಪಟ್ಟಿ ಮಾಡಿದರು: ಅಕ್ಕಿ, ಬೇಳೆ, ಕಂಬಳಿ, ಸೋಪು, ಬಿಸ್ಕೆಟ್. ಒಳ್ಳೆಯ ಪಟ್ಟಿಯೇ. ನಮ್ಮ ಹತ್ತನೇ ಕ್ಲಾಸಿನ ಪಟ್ರೋಲ್ ಲೀಡರ್, ಅಂದರೆ ಗೈಡುಗಳ ಸಣ್ಣ ಗುಂಪಿನ ನಾಯಕಿ, ಅದನ್ನು ಓದಿ ನನ್ನ ಹತ್ತಿರ ಬಂದು ಮೆಲ್ಲನೆ ಕೇಳಿದಳು, "ಟೀಚರ್, ಪ್ಯಾಡ್ ಇಲ್ಲ. ಒಳಬಟ್ಟೆ ಇಲ್ಲ. ಕ್ಯಾಂಪಿನಲ್ಲಿ ಇರುವವರಿಗೆ ತಿಂಗಳು ನಿಲ್ಲುತ್ತದಾ?"

ಆ ಕೋಣೆಯಲ್ಲಿ ನಾನೂ ಇದ್ದೆ. ಹೆಂಗಸಾಗಿ ನನಗೇ ಹೊಳೆದಿರಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ಮಕ್ಕಳೇ ಮನೆಮನೆಗೆ ಹೋಗಿ ಅಮ್ಮಂದಿರ ಹತ್ತಿರ ದುಡ್ಡು ಕೇಳಿದರು. ಪ್ಯಾಡು, ಹೊಸ ಒಳಬಟ್ಟೆ, ನೈಟಿ, ಹೇನಿನ ಬಾಚಣಿಗೆ, ಸಣ್ಣ ಟಾರ್ಚು. ಟಾರ್ಚು ಯಾಕೆ ಅಂತ ಕೇಳಿದೆ. "ರಾತ್ರಿ ಟಾಯ್ಲೆಟ್ಟಿಗೆ ಹೋಗಲಿಕ್ಕೆ" ಅಂದಳು ಆರನೇ ಕ್ಲಾಸಿನವಳೊಬ್ಬಳು.

ಹರಿದ ಬಟ್ಟೆಯನ್ನೆಲ್ಲ ಆರಿಸಿ ತೆಗೆದರು. ನಮಗೆ ಬೇಡದ್ದನ್ನು ಇನ್ನೊಬ್ಬರಿಗೆ ಕಳಿಸುವುದು ಸಹಾಯ ಅಲ್ಲ, ಅವರ ಮಾನ ತೆಗೆಯುವುದು. ಉಳಿದದ್ದನ್ನು ಅಳತೆ ಪ್ರಕಾರ ಕಟ್ಟು ಕಟ್ಟಿದರು. ಇಲ್ಲಿ ಕೂತ ಗೈಡುಗಳೇ, ಯಾವ ಗಂಟು ಹಾಕಿದರು ಹೇಳಿ? ರೀಫ್ ನಾಟ್. ಬಲ ಎಡದ ಮೇಲೆ, ಎಡ ಬಲದ ಮೇಲೆ. ಎಳೆದರೆ ಬಿಗಿಯಾಗುತ್ತದೆ, ಆದರೆ ಎರಡು ತುದಿಯನ್ನು ಒಳಗೆ ತಳ್ಳಿದರೆ ಒದ್ದೆ ಕೈಯಲ್ಲೂ ಬಿಚ್ಚಬಹುದು. ಕ್ಯಾಂಪಿನಲ್ಲಿ ಕತ್ತರಿ ಹುಡುಕುವ ಕೆಲಸ ಇಲ್ಲ. ಪ್ರತಿ ಕಟ್ಟಿನ ಮೇಲೂ ಒಳಗೆ ಏನಿದೆ, ಎಷ್ಟು ವರ್ಷದವರಿಗೆ ಅಂತ ಮಲಯಾಳದಲ್ಲಿ ಚೀಟಿ ಅಂಟಿಸಿದರು. ಕನ್ನಡ ಮಾಧ್ಯಮದ ಮಕ್ಕಳು. ಅಕ್ಷರ ಸ್ವಲ್ಪ ಸೊಟ್ಟ ಇತ್ತು. ಆದರೆ ತಪ್ಪಿರಲಿಲ್ಲ.

ಭಾಷೆಯ ವಿಷಯ ಸ್ವಲ್ಪ ನಿಂತು ಹೇಳಬೇಕು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದರ ನೋವು ನಮ್ಮ ಹಿರಿಯರಿಗೆ ಎಷ್ಟಿತ್ತು ಅಂತ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಊರಿನ ಪಕ್ಕದಲ್ಲೇ ನಿಂತು ನಾನು ಹೇಳಬೇಕಾಗಿಲ್ಲ. ನಮ್ಮ ಭಾಷೆಯಲ್ಲಿ ಸೂಚನೆ ಸಿಗಬೇಕು, ಅದು ನಮ್ಮ ಹಕ್ಕು, ಅದನ್ನು ಕೇಳುತ್ತಲೇ ಇರಬೇಕು. ಆದರೆ ತೋಡು ಉಕ್ಕಿ ಬರುವ ರಾತ್ರಿ ಹಕ್ಕು ಕೇಳಿಕೊಂಡು ಕೂರಲು ಆಗುವುದಿಲ್ಲ. ಆ ರಾತ್ರಿ ಮಲಯಾಳ ಓದಿ ತುಳುವಿನಲ್ಲಿ, ಕನ್ನಡದಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ, ಹವ್ಯಕ ಮಾತಿನಲ್ಲಿ ಹೇಳುವವರು ಬೇಕು. ನಮ್ಮ ಹುಡುಗಿಯರಿಗೆ ಇದು ಬರುತ್ತದೆ. ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು, ಬಸ್ಸಿನಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು. ಅವರು ಅದನ್ನು ವಿದ್ಯೆ ಅಂತ ಎಣಿಸುವುದೇ ಇಲ್ಲ. ನಾನು ಎಣಿಸುತ್ತೇನೆ. ಗಂಟು ಹಾಕುವಷ್ಟೇ ದೊಡ್ಡ ವಿದ್ಯೆ ಅದು.

2020ರಲ್ಲಿ ಅದು ಜಾಸ್ತಿ ಗೊತ್ತಾಯಿತು. ದೇಶದ ಮೂರನೇ ಕೊರೊನಾ ಪ್ರಕರಣ ನಮ್ಮ ಜಿಲ್ಲೆಯಲ್ಲೇ, ಫೆಬ್ರವರಿ 3ರಂದು, ಕಾಞಂಗಾಡಿನಲ್ಲಿ. ಮಾರ್ಚ್ ಕೊನೆಗೆ ಗಡಿ ಮುಚ್ಚಿತು, ದಾರಿಗೆ ಮಣ್ಣು ಬಿತ್ತು. ಮಂಜೇಶ್ವರ, ಕುಂಬಳೆ, ಪೆರ್ಲದ ಕಡೆಯವರು ಆಸ್ಪತ್ರೆಗೆ ಮಂಗಳೂರನ್ನೇ ನಂಬಿದವರು. ಡಯಾಲಿಸಿಸ್‌ನವರು, ಕ್ಯಾನ್ಸರ್‌ನವರು, ಹೆರಿಗೆಗೆ ದಿನ ಎಣಿಸುವವರು. ಆ ದಿನಗಳನ್ನು ನೆನೆಸಿದರೆ ಈಗಲೂ ಕೈ ತಣ್ಣಗಾಗುತ್ತದೆ.

ಮಕ್ಕಳು ಹೊರಗೆ ಹೋಗುವ ಹಾಗಿರಲಿಲ್ಲ, ಕಳಿಸಲೂ ಬಾರದು. ಹತ್ತಿ ಸೀರೆ ಕತ್ತರಿಸಿ ಮನೆಯ ಹೊಲಿಗೆ ಯಂತ್ರದಲ್ಲಿ ಮಾಸ್ಕ್ ಹೊಲಿದರು, ಅದನ್ನು ಎಲ್ಲ ಕಡೆ ಮಾಡಿದ್ದಾರೆ. ನಾನು ಹೇಳಬೇಕೆಂದಿರುವುದು ಫೋನಿನ ವಿಷಯ. ಒಬ್ಬಳಿಗೆ ಐದು ಮನೆ. ಒಂಟಿಯಾಗಿರುವ ಮುದುಕರ ಮನೆ, ಕಾಯಿಲೆಯವರ ಮನೆ. ಎರಡು ದಿನಕ್ಕೊಮ್ಮೆ ಫೋನ್. ಕೇಳುವುದು ಮೂರೇ: ಯಾವ ಮಾತ್ರೆ, ಇನ್ನು ಎಷ್ಟು ದಿನಕ್ಕಿದೆ, ಜೊತೆಗೆ ಯಾರಿದ್ದಾರೆ. ನೋಟುಬುಕ್ಕಿನಲ್ಲಿ ಬರೆದು ನನಗೆ ಹೇಳುತ್ತಿದ್ದರು, ನಾನು ಆರೋಗ್ಯ ಕಾರ್ಯಕರ್ತೆಯರಿಗೆ ದಾಟಿಸುತ್ತಿದ್ದೆ. ಅನ್ನ ಬೇಕಾದ ಮನೆ ಯಾವುದು ಅಂತ ಕುಟುಂಬಶ್ರೀ ಮಹಿಳಾ ಸಂಘದವರ ಸಮುದಾಯ ಅಡುಗೆಮನೆಗೂ ಹೇಳುತ್ತಿದ್ದೆವು.

ಒಬ್ಬಳ ಪುಸ್ತಕದಲ್ಲಿ ಒಂದು ಸಾಲು ಹೀಗಿತ್ತು: "ಮಾತ್ರೆ ಉಂಟು ಅಂದರು. ಸ್ವರ ಸರಿ ಇಲ್ಲ." ಅದು ಅವಳಿಗೆ ಯಾರೂ ಹೇಳಿಕೊಟ್ಟ ಪ್ರಶ್ನೆ ಅಲ್ಲ. ಎರಡು ಮನೆ ಆಚೆ ಇರುವವರನ್ನು ಅಂಗಳದ ತನಕ ಹೋಗಿ ನೋಡಿ ಅಂದೆವು. ಆ ಹೆಂಗಸು ಎರಡು ದಿನದಿಂದ ಒಲೆ ಹಚ್ಚಿರಲಿಲ್ಲ. ಮಾತ್ರೆ ಡಬ್ಬ ಖಾಲಿ. ಯಾರಿಗೆ ತೊಂದರೆ ಕೊಡುವುದು ಅಂತ 'ಉಂಟು' ಅಂದಿದ್ದರು. ಸ್ವರ ಕೇಳಿ ಸುಳ್ಳು ಹಿಡಿಯಬೇಕಾದರೆ ಮೊದಲು ನಿಜದ ಸ್ವರ ಕೇಳಿ ಗೊತ್ತಿರಬೇಕು. ಆ ಹುಡುಗಿ ಹಿಂದಿನ ವರ್ಷ ಪೂರ್ತಿ ಅವರ ಮನೆಗೆ ಹಾಲು ತರಲು ಹೋಗುತ್ತಿದ್ದವಳು.

ಇನ್ನೊಂದು ಮಾತು. ಮುದುಕಿಯರು ಹುಡುಗಿಯರ ಹತ್ತಿರ ಹೇಳುವುದನ್ನು ವಾರ್ಡಿನ ಗಂಡಸರ ಹತ್ತಿರ ಹೇಳುವುದಿಲ್ಲ. ಮೂತ್ರ ಹಿಡಿತಕ್ಕೆ ಸಿಗುವುದಿಲ್ಲ, ಹಳೆಯ ಸೀರೆ ಹರಿದು ಕಟ್ಟಿಕೊಳ್ಳುತ್ತೇನೆ ಅಂತ ಯಾರ ಹತ್ತಿರ ಹೇಳುತ್ತಾರೆ? ಹದಿನೈದರ ಹುಡುಗಿಯ ಹತ್ತಿರ ಹೇಳುತ್ತಾರೆ, ಮೊಮ್ಮಗಳು ಅಂತ.

ಸದ್ದು ಮಾಡದೆ ಬರುವ ಕಷ್ಟವೂ ಉಂಟು. ಡೆಂಗಿ ನೋಡಿ. ಪ್ರತಿ ಮಳೆಗಾಲ ಬರುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿರಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಇಷ್ಟೇ ಸಾಕು ಆ ಸೊಳ್ಳೆಗೆ. ಮೊಟ್ಟೆಯಿಂದ ಸೊಳ್ಳೆಯಾಗಲು ಹತ್ತು ದಿನ ಹಿಡಿದರೆ ಜಾಸ್ತಿ. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಬೇಕು ಅನ್ನುವುದು. ಚೆಲ್ಲಿದರೆ ಸಾಲದು, ಪಾತ್ರೆಯ ಒಳಗೆ ತಿಕ್ಕಬೇಕು. ಮೊಟ್ಟೆ ಗೋಡೆಗೆ ಅಂಟಿರುತ್ತದೆ, ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ನಮ್ಮ ಬುಲ್‌ಬುಲ್ ಮಕ್ಕಳಿಗೆ, ಅಂದರೆ ಇನ್ನೂ ಹತ್ತು ತುಂಬದವರಿಗೆ, ಈ ಕೆಲಸ ಕೊಟ್ಟರೆ ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಅವರ ಕಣ್ಣು ನೆಲಕ್ಕೆ ಹತ್ತಿರ.

ಇನ್ನು ನಮ್ಮ ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಕಡೆಯ ವಿಷಯ. ಹೇಳದೆ ಮುಂದೆ ಹೋಗಲಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು 2000ದ ಇಸವಿಗೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. ಆದರೆ ಆ ವಿಷ ತಾಗಿದ ಮನೆಗಳಲ್ಲಿ ಕಷ್ಟ ನಿಂತಿಲ್ಲ. ಇಪ್ಪತ್ತೈದು ವರ್ಷದ ಮಗನನ್ನು ಈಗಲೂ ಎತ್ತಿ ಸ್ನಾನ ಮಾಡಿಸುವ ತಾಯಂದಿರಿದ್ದಾರೆ. ವಿಶೇಷ ಮಕ್ಕಳಿಗಾಗಿ ಬಡ್ಸ್ ಶಾಲೆಗಳು ಬಂದವು, ಒಳ್ಳೆಯದಾಯಿತು. ಶಾಲೆಗೆ ಒಯ್ಯಲಾಗದ ಮಕ್ಕಳೂ ಇದ್ದಾರೆ.

ಅಂಥ ಒಂದು ಮನೆಗೆ ನಮ್ಮ ರೇಂಜರ್ ಹುಡುಗಿಯರನ್ನು, ಅಂದರೆ ದೊಡ್ಡ ವಯಸ್ಸಿನ ಗೈಡುಗಳನ್ನು, ಕರೆದುಕೊಂಡು ಹೋದೆ. ಹಣ್ಣು, ಅಕ್ಕಿ, ಬೆಡ್‌ಶೀಟ್ ಹಿಡಿದುಕೊಂಡು ಹೋಗಿದ್ದೆವು. ಅಮ್ಮ ತೆಗೆದುಕೊಂಡರು, ಒಳಗಿಟ್ಟರು. ಬೇರೆ ಏನಾದರೂ ಬೇಕಾ ಅಂತ ಒಬ್ಬಳು ಕೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಗಂಟೆ ಇವನ ಹತ್ತಿರ ಕೂರುತ್ತೀರಾ? ತಲೆಗೆ ಎಣ್ಣೆ ಹಾಕಿ ಮೀಯಬೇಕು" ಅಂದರು. ಹುಡುಗಿಯರು ಕೂತರು. ಒಬ್ಬಳು ಅವನ ಬಾಯಿ ಒರೆಸುತ್ತಾ ಇದ್ದಳು, ಇನ್ನೊಬ್ಬಳು ಬೀಸಣಿಗೆಯಲ್ಲಿ ನೊಣ ಓಡಿಸುತ್ತಿದ್ದಳು. ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಹಂಡೆಗೆ ಬೀಳುವ ಸದ್ದು ಬರುತ್ತಿತ್ತು. ಆ ಅಮ್ಮ ಮಿಂದು ಬಂದಾಗ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮನ್ನು ನೋಡಿ ನಕ್ಕರು. ನಾವು ತಂದ ಹಣ್ಣಿಗೆ ಅವರು ನಕ್ಕಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಎರಡನೇ ಶನಿವಾರ ಇಬ್ಬರು ಹುಡುಗಿಯರು, ಜೊತೆಗೆ ಒಬ್ಬರು ದೊಡ್ಡವರು. ಅವರು ಕೊಡುವುದು ಒಂದು ಗಂಟೆ. ಎರಡು ವರ್ಷ ನಡೆಯಿತು, ಒಂದು ತಂಡ ಪಾಸಾಗಿ ಹೋದರೆ ಇನ್ನೊಂದು ತಂಡ.

ಜೊತೆಗೆ ಒಬ್ಬರು ದೊಡ್ಡವರು ಅಂದೆ. ಅದನ್ನು ಇನ್ನೊಮ್ಮೆ ಹೇಳುತ್ತೇನೆ. ಮಕ್ಕಳು ಮಕ್ಕಳೇ. ಸಮವಸ್ತ್ರ ಹಾಕಿದ ಕೂಡಲೇ ಅವರು ಅಗ್ನಿಶಾಮಕ ದಳದವರಾಗುವುದಿಲ್ಲ. ಕಂಗಿನ ಸಂಕ, ಅಂದರೆ ಅಡಿಕೆ ಮರದ ಕಾಲುಸೇತುವೆ, ದಾಟುವಾಗ ಯಾರಾದರೂ ತೋಡಿಗೆ ಬಿದ್ದರೆ ಹಿಂದಿನಿಂದ ಹಾರಬಾರದು. ಕೋಲು ನೀಡಬೇಕು. ಮುಚ್ಚಳ ಹಾಕಿದ ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಬೇಕು. ಬೊಬ್ಬೆ ಹಾಕಬೇಕು, 112ಕ್ಕೆ ಫೋನ್ ಮಾಡಬೇಕು. ಹಾವು ಕಚ್ಚಿದರೆ ಕೊಯ್ಯಬಾರದು, ಹಗ್ಗದಲ್ಲಿ ಬಿಗಿಯಬಾರದು. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಇಟ್ಟು 108 ಕರೆಯಬೇಕು. ಸ್ಕಾರ್ಫ್ ಬಿಚ್ಚಿದರೆ ಮೂರು ಮೂಲೆಯ ಬ್ಯಾಂಡೇಜ್, ಮುರಿದ ಕೈಗೆ ಜೋಲಿ. ಇಷ್ಟು ಗೊತ್ತಿದ್ದರೆ ಸಾಕು. ನೀರಿಗೆ ಇಳಿದ ಹುಡುಗಿಯನ್ನು ಹೊಗಳಿ ಫೋಟೋ ಹಾಕುವ ದೊಡ್ಡವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವಳನ್ನು ಇಳಿಯದ ಹಾಗೆ ತಡೆಯಬೇಕಾಗಿದ್ದವರು ಅವರೇ ಅಲ್ವಾ?

ಮಾತು ಮುಗಿದ ಮೇಲೆ ಒಬ್ಬರು ತಾಯಿ ಎದ್ದು ಕೇಳಿದರು: "ಟೀಚರ್, ನೀವು ಹೇಳಿದ್ದೆಲ್ಲ ಸರಿ. ನನ್ನ ಮಗಳಿಗೆ ಜೂನಿನಲ್ಲಿ ಹತ್ತನೇ ಕ್ಲಾಸು. ಗೈಡ್ಸ್ ಬಿಡಿಸಿದರೆ ಓದಲು ಟೈಮ್ ಸಿಗುತ್ತದೆ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಅಣ್ಣನಿಗೆ ಆಟಕ್ಕೆ ಕಳಿಸುತ್ತಾರೆ."

ನಾನು ಹೇಳಿದ್ದು ಇದು. ಗೈಡ್ಸಿನ ರಾಜ್ಯ ಪುರಸ್ಕಾರ ಪರೀಕ್ಷೆ ಆದರೆ ಗ್ರೇಸ್ ಮಾರ್ಕ್ ಸಿಗುತ್ತದೆ ಅಂತ ಮನೆಯಲ್ಲಿ ಹೇಳಿ. ಅದಕ್ಕಾಗಿಯೇ ಕಳಿಸುವವರು ಬಹಳ ಜನ ಇದ್ದಾರೆ, ನನಗೆ ಬೇಸರವಿಲ್ಲ. ಮಾರ್ಕಿಗೆ ಬಂದವಳು ಅಜ್ಜಿಗಾಗಿ ಉಳಿದದ್ದನ್ನು ನೋಡಿದ್ದೇನೆ. ವಾರಕ್ಕೆ ಒಂದೂವರೆ ಗಂಟೆ. ಹೆಚ್ಚು ಕೇಳುವುದಿಲ್ಲ. ಕತ್ತಲಾಗುವ ಮೊದಲು ಮನೆಗೆ ತಲುಪಿಸುವ ಜವಾಬ್ದಾರಿ ನಮ್ಮದು. ಶಾಲೆ ಮುಗಿದು ಹದಿನೆಂಟು ದಾಟಿದ ಮೇಲೆ ಕುಟುಂಬಶ್ರೀಯ ಯುವತಿಯರ ಗುಂಪು ಉಂಟು, ಕಾಲೇಜಿನಲ್ಲಿ ಎನ್ಎಸ್ಎಸ್ ಉಂಟು. ಆದರೆ ನಡುವೆ ಬಿಟ್ಟವರು ಅಲ್ಲಿಗೂ ಹೋಗುವುದು ಕಡಿಮೆ, ನಾನು ಕಂಡ ಹಾಗೆ. ಅಣ್ಣನಿಗೆ ಆಟ ಇದೆ ಅಂದಿರಲ್ಲ, ಇವಳಿಗೂ ಇರಲಿ.

ಆ ತಾಯಿ ಕೂತರು. ಪಕ್ಕದಲ್ಲಿದ್ದ ಮಗಳು ತಲೆ ಎತ್ತಲಿಲ್ಲ, ಸ್ಕಾರ್ಫಿನ ತುದಿಯಲ್ಲಿ ಗಂಟು ಹಾಕಿ ಬಿಚ್ಚುತ್ತಿದ್ದಳು.

ಶುಕ್ರವಾರ ನಾಲ್ಕು ಗಂಟೆಗೆ ಈ ಹಾಲ್‌ನಲ್ಲೇ ಸೇರೋಣ ಅಂದೆ. ಮಳೆಗಾಲಕ್ಕೆ ಇನ್ನು ಮೂರೂವರೆ ತಿಂಗಳಿದೆ. ಅಷ್ಟರೊಳಗೆ ನಮ್ಮ ವಾರ್ಡಿನಲ್ಲಿ ಒಂಟಿಯಾಗಿರುವವರ ಮನೆ ಯಾವುದೆಲ್ಲ, ಯಾವ ಮನೆಗೆ ಸಂಕ ದಾಟಿ ಹೋಗಬೇಕು, ಯಾವ ಮನೆಯಲ್ಲಿ ಯಾವ ಭಾಷೆ ಅಂತ ಒಂದು ನಕ್ಷೆ ಬರೆಯಬೇಕು. ಹಗ್ಗ ಮತ್ತು ಡ್ರಾಯಿಂಗ್ ಶೀಟ್ ನಾನು ತರುತ್ತೇನೆ. ಪೆನ್ಸಿಲ್ ಮಕ್ಕಳು ತರಲಿ.